ಇಲಿಯ ಮೂಳೆಯಲ್ಲಿ ಮಲಗಿದ್ದ ಕಾಯಿಲೆ

ನಮ್ಮ ಪಕ್ಕದ ಓಣಿಯ ಐಶ್ವರ್ಯಾ ಜಮಖಂಡಿಯಲ್ಲಿ ಬಿ.ಎಸ್ಸಿ. ಮಾಡಿ, ಮುಂದೆ ಧಾರವಾಡದಲ್ಲಿ ಓದಿ, ಈಗ ದೂರದ ಊರಿನ ಪ್ರಯೋಗಾಲಯವೊಂದಕ್ಕೆ ಸೇರುವವಳಿದ್ದಾಳೆ. ಹೊರಡುವ ಮುಂಚೆ ಒಂದು ಮಧ್ಯಾಹ್ನ ಬಂದು ನನ್ನ ಎದುರು ಕೂತಳು. "ಮೌಶಿ, ನನಗ ಇಲಿ ಮ್ಯಾಲಿನ ಕೆಲಸ ಐತಂತ. ನೀವು ಜೀವಮಾನ ಅದನ್ನ ಮಾಡಿದೋರು. ಖರೆ ಹೇಳ್ರಿ, ಹೆಂಗಿರತೈತಿ?" ಎಂದಳು. ಹೇಳಲು ಶುರು ಮಾಡಿದೆ. ಆದರೆ ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಅವಳ ಅವ್ವ ಕರೆದಳು, ಅವಳು ಎದ್ದು ಹೋದಳು. ನನ್ನೊಳಗೆ ಮಾತು ಮಾತ್ರ ನಿಲ್ಲಲಿಲ್ಲ. ಉಳಿದದ್ದನ್ನು ಅವಳಿಗಾಗಿ, ಅವಳಂತೆ ಈ ಕೆಲಸಕ್ಕೆ ಹೋಗುವ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಕೆಲಸ ಮಾಡಿದ್ದು ಪುಣೆಯ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ. ಈಗ ಮತ್ತೆ ರಬಕವಿಗೆ ಬಂದು ತಮ್ಮನ ಮನೆಯ ಮಾಳಿಗೆಯ ಮೇಲಿದ್ದೇನೆ. ಕೆಳಗೆ ಪವರ್‌ಲೂಮುಗಳು ಓಡುತ್ತವೆ. ಊಟವಾದ ಮೇಲೆ ಅಡ್ಡಾದರೆ ಆ ಸದ್ದು ಗೋಡೆಯಿಂದ ಮಂಚಕ್ಕೆ, ಮಂಚದಿಂದ ಮೈಗೆ ಇಳಿಯುತ್ತದೆ. ಕಣ್ಣು ಹತ್ತುವ ಹೊತ್ತಿಗೆ ಅದು ಮಗ್ಗದ ಸದ್ದಾಗಿ ಉಳಿಯುವುದಿಲ್ಲ. ಪುಣೆಯ ಪ್ರಾಣಿಗೃಹದ ಗಾಳಿಯಂತ್ರದ ಸದ್ದಾಗಿಬಿಡುತ್ತದೆ. ಸಾಲು ಸಾಲು ಪಂಜರಗಳು, ಮರದ ಹೊಟ್ಟಿನ ಒಣ ವಾಸನೆ, ಒಂದರ ಮೇಲೊಂದು ಒರಗಿ ಮಲಗಿದ ಬಿಳಿ ಇಲಿಗಳು. ನಿವೃತ್ತಳಾದ ಮೇಲೆ ಆ ಕೋಣೆಗೆ ನಾನು ಹೋಗುವುದು ಹೀಗೆಯೇ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೆಲವು ರಕ್ತದ ಕ್ಯಾನ್ಸರುಗಳು ಬಹಳ ಅವಸರದವು. ಇಂದು ಕಂಡರೆ ಕೆಲವೇ ವಾರಗಳಲ್ಲಿ ಮನುಷ್ಯನನ್ನು ಮಲಗಿಸುತ್ತವೆ. ಅವನ್ನು ತೀವ್ರ ರಕ್ತದ ಕ್ಯಾನ್ಸರ್ ಎನ್ನುತ್ತಾರೆ. ಮನುಷ್ಯರ ಮೇಲೆ ಎಲ್ಲವನ್ನೂ ಪರೀಕ್ಷಿಸಿ ನೋಡಲಾಗುವುದಿಲ್ಲ. ಆದ್ದರಿಂದ ಅದೇ ಕಾಯಿಲೆಯನ್ನು ಇಲಿಗಳಿಗೆ ಬರುವಂತೆ ಮಾಡಿ, ಅವುಗಳ ಮೂಳೆಯೊಳಗಿನ ಮಜ್ಜೆಯನ್ನು ತೆಗೆದು, ಅಲ್ಲಿನ ಜೀವಕೋಶಗಳಲ್ಲಿ ಯಾವ ಜೀನು ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂದು ನೋಡುವುದು ನಮ್ಮ ಕೆಲಸ. ಇದನ್ನು ನನ್ನ ತಮ್ಮನಿಗೆ ಒಮ್ಮೆ ಹೀಗೆ ಹೇಳಿದ್ದೆ: ಊರಿನ ಎಲ್ಲ ಶೆಡ್ಡುಗಳಲ್ಲೂ ಅವೇ ಮಗ್ಗಗಳಿವೆ ಎಂದುಕೋ. ಆದರೆ ಇವತ್ತು ಯಾವ ಶೆಡ್ಡಿನಲ್ಲಿ ಯಾವ ಮಗ್ಗ ಓಡುತ್ತಿದೆ, ಯಾವುದು ನಿಂತಿದೆ ಎಂಬುದು ಬೇರೆ ಬೇರೆ. ನಾವು ಹೊರಗೆ ನಿಂತು ಆ ಸದ್ದನ್ನು ಕೇಳುವವರು. ಅವನಿಗೆ ಅಷ್ಟರಿಂದಲೇ ತಿಳಿಯಿತು.

ಅವ್ವನಿಗೆ ತಿಳಿಸುವುದು ಅಷ್ಟು ಸುಲಭವಾಗಲಿಲ್ಲ. ನೇಕಾರರ ಮನೆಯಲ್ಲಿ ಇಲಿಯೆಂದರೆ ಶತ್ರು. ಗಂಜಿ ಹಾಕಿದ ನೂಲನ್ನು ಅದು ಬಿಡುವುದಿಲ್ಲ.

"ಏನ ಮಾಡತೀ ಅಲ್ಲೆ ದಿನಾ?" ಎಂದು ಮೊದಲ ರಜೆಯಲ್ಲಿ ಕೇಳಿದಳು.

"ಇಲಿ ನೋಡ್ಕೋತೇನಿ ಯವ್ವಾ."

"ನೋಡ್ಕೊಳ್ಳೂದಂದ್ರ?"

"ತಿನ್ನಾಕ ಹಾಕೂದು, ಹಾಸಿಗಿ ಬದಲ ಮಾಡೂದು, ತೂಕ ನೋಡೂದು…"

ಅವ್ವ ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು. "ನಾ ಇಲ್ಲೆ ಬಡದ ಓಡಸೂದು, ನೀ ಅಲ್ಲೆ ಹಾಸಿಗಿ ಹಾಸಿ ಮಲಗಸೂದು. ಇದಕ್ಕ ಅಷ್ಟ ಸಾಲಿ ಕಲಸಿದ್ನೇನ ನಿನಗ?" ಎಂದು ನಕ್ಕಳು. ಅವಳು ನಕ್ಕದ್ದೇ ನನಗೆ ದೊಡ್ಡ ಒಪ್ಪಿಗೆಯಾಯಿತು.

ಮೊದಲ ವಾರ ನನಗೆ ಕೊಟ್ಟ ಕೆಲಸ ಒಂದೇ. ಇಲಿಯನ್ನು ಹಿಡಿಯುವುದು, ಬಿಡುವುದು. ಬಾಲದ ಬುಡ ಹಿಡಿದು, ಕುತ್ತಿಗೆಯ ಸಡಿಲ ಚರ್ಮವನ್ನು ಬೆರಳುಗಳ ನಡುವೆ ತಂದುಕೊಂಡು, ಅದು ಉಸಿರಾಡುವಷ್ಟು ಸಡಿಲ, ತಿರುಗಿ ಕಚ್ಚದಷ್ಟು ಬಿಗಿ ಹಿಡಿಯಬೇಕು. ನಾನು ಹೆದರಿದರೆ ಅದೂ ಹೆದರುತ್ತಿತ್ತು. ನನ್ನ ಬೆರಳುಗಳ ಮೇಲೆ ಆಗಿನ ಹಲ್ಲಿನ ಗುರುತುಗಳು ಬಹಳ ದಿನ ಇದ್ದವು. ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳಿರಲಿಲ್ಲ. ಮಲ್ಲಿಗೆ ಮುಡಿದು ಹೋದ ದಿನ ಇಲಿಗಳು ಪಂಜರದ ಮೂಲೆಗೆ ಸೇರಿ ನಡುಗುತ್ತಿದ್ದವು. ಹೊಸ ವಾಸನೆ ಅವಕ್ಕೆ ಆಗದು. ಅಂದಿನಿಂದ ನನ್ನ ಹೂವು ಭಾನುವಾರಕ್ಕೆ ಮೀಸಲಾಯಿತು. ಕೆಲಸದ ದಿನಗಳಲ್ಲಿ ಎಣ್ಣೆಗೂ ವಾಸನೆ ಇರಬಾರದು, ಸಾಬೂನಿಗೂ ಇರಬಾರದು. ಮನುಷ್ಯರೆಂಬ ಗುರುತೇ ಇಲ್ಲದೆ ಅವುಗಳ ನಡುವೆ ಓಡಾಡಬೇಕು.

ಹಗಲು ಅವಕ್ಕೆ ರಾತ್ರಿ. ನಾವು ಟೊಪ್ಪಿಗೆ, ಬಾಯಿಪಟ್ಟಿ ಕಟ್ಟಿಕೊಂಡು ಒಳಗೆ ಹೋಗುವ ಹೊತ್ತಿಗೆ ಎಲ್ಲವೂ ನಿದ್ದೆಯಲ್ಲಿರುತ್ತಿದ್ದವು. ಒಂದರ ಹೊಟ್ಟೆಯ ಮೇಲೆ ಇನ್ನೊಂದರ ತಲೆ. ನಿದ್ದೆಯಲ್ಲೇ ಮೀಸೆ ಕುಣಿಸುವುದು, ಮುಂಗಾಲು ಆಡಿಸುವುದು. ಇಲಿಗೂ ಕನಸು ಬೀಳುತ್ತದೆಯೇ ಎಂದು ಒಮ್ಮೆ ನಾನು ನಮ್ಮ ಮುಖ್ಯಸ್ಥೆಯನ್ನು ಕೇಳಿದ್ದೆ. "ಬೀಳಬಹುದು. ನಮ್ಮ ಕನಸಲ್ಲದಿದ್ದರೆ ಸಾಕು," ಎಂದಿದ್ದರು.

ಅವರು ಡಾಕ್ಟರ್ ಲಿಮಯೆ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮರಾಠಿಯಲ್ಲಿ ನಿಧಾನವಾಗಿ ಮಾತನಾಡುವ, ದಪ್ಪ ಕನ್ನಡಕದ, ಸಣ್ಣ ದೇಹದ ಹೆಂಗಸು. ಫಲಿತಾಂಶ ಚೆನ್ನಾಗಿ ಬಂದ ದಿನ ಅವರ ಮುಖ ಗಂಭೀರವಾಗುತ್ತಿತ್ತು. ಕೆಟ್ಟದ್ದು ಬಂದ ದಿನ ಸಮಾಧಾನದಿಂದ ಚಹಾ ತರಿಸುತ್ತಿದ್ದರು. "ಚೆಂದ ಕಂಡದ್ದನ್ನು ಇನ್ನೊಮ್ಮೆ ನೋಡಬೇಕು" ಎಂಬುದು ಅವರ ಪಾಠ. ಅದು ಯಾಕೆಂದು ನನಗೆ ತಿಳಿದದ್ದು ಒಂದು ದೊಡ್ಡ ಎಡವಟ್ಟಿನಿಂದ.

ಆಗ ನಾವು ಆರೋಗ್ಯದ ಇಲಿಗಳನ್ನೂ ಕಾಯಿಲೆಯ ಇಲಿಗಳನ್ನೂ ಹೋಲಿಸುತ್ತಿದ್ದೆವು. ಗಾಜಿನ ಪಟ್ಟಿಯ ಮೇಲೆ ಸಾವಿರಾರು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಜೀನಿನದು. ಹೆಚ್ಚು ಕೆಲಸ ಮಾಡುತ್ತಿದ್ದರೆ ಕೆಂಪು, ಕಡಿಮೆಯಾದರೆ ಹಸಿರು. ಕತ್ತಲ ಕೋಣೆಯಲ್ಲಿ ಆ ಪರದೆ ಹೊತ್ತಿಕೊಂಡಾಗ ನನಗೆ ಊರಿನ ದೀಪಾವಳಿಯ ಓಣಿ ಕಂಡಂತಾಗುತ್ತಿತ್ತು. ಆ ಸಲ ಕೆಲವು ಜೀನುಗಳು ಎಷ್ಟು ಸ್ಪಷ್ಟವಾಗಿ ಬೇರೆಯಾಗಿ ನಿಂತವೆಂದರೆ, ಹೊಸ ಹುಡುಗರು ಕುಣಿದಾಡಿದರು. ಕ್ಯಾನ್ಸರಿನ ಕೀಲಿ ಸಿಕ್ಕಿತು ಎಂದರು. ತಿಂಗಳುಗಟ್ಟಲೆ ಅದರ ಬೆನ್ನು ಹತ್ತಿದೆವು. ಒಂದು ದಿನ ಮೇಡಂ ನನ್ನನ್ನು ಕರೆದು ಕೇಳಿದರು: "ಆರೋಗ್ಯದ ಇಲಿಗಳ ಮಜ್ಜೆ ಯಾವಾಗ ತೆಗೆಯುತ್ತೀರಿ?"

"ಬೆಳಗ್ಗೆ."

"ಕಾಯಿಲೆಯವುಗಳದ್ದು?"

"ಅವು ಮುಗಿದ ಮೇಲೆ. ಸಂಜೆಯಾಗುತ್ತದೆ."

ಅದು ಪ್ರಾಣಿಗೃಹದ ನಿಯಮವೇ ಆಗಿತ್ತು. ಮೊದಲು ಆರೋಗ್ಯದವು, ಆಮೇಲೆ ಕಾಯಿಲೆಯವು. ಇಲ್ಲದಿದ್ದರೆ ಕಾಯಿಲೆಯವುಗಳಿಗೆ ತಗುಲಿದ ಬೇರೆ ಸೋಂಕು ನಮ್ಮ ಕೈಯಿಂದ ದಾಟುತ್ತದೆ. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾವು ಕಂಡುಹಿಡಿದಿದ್ದ ಜೀನುಗಳಲ್ಲಿ ಬಹಳಷ್ಟು ಕ್ಯಾನ್ಸರಿನವಾಗಿರಲಿಲ್ಲ. ಹಗಲು ರಾತ್ರಿಯ ಲೆಕ್ಕ ಇಡುವ, ದೇಹದ ಗಡಿಯಾರದ ಜೀನುಗಳಾಗಿದ್ದವು. ಬೆಳಗ್ಗೆ ಮಲಗಲು ಹೊರಟ ಇಲಿಗೂ ಸಂಜೆ ಏಳಲು ಹೊರಟ ಇಲಿಗೂ ಇರುವ ವ್ಯತ್ಯಾಸವನ್ನೇ ನಾವು ಕಾಯಿಲೆ ಎಂದುಕೊಂಡಿದ್ದೆವು! ಮೇಡಂ ಎಲ್ಲರಿಗೂ ಚಹಾ ತರಿಸಿದರು. ಮರುದಿನದಿಂದ ಎರಡು ಗುಂಪಿನ ಇಲಿಗಳಿಗೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಜನ, ಒಂದೇ ಹೊತ್ತು. ನೀವು ಯಾವ ದೊಡ್ಡ ಯಂತ್ರದ ಮುಂದೆ ಕೂತಿದ್ದರೂ, ಹುಡುಗಿಯರೇ, ಆ ಮಜ್ಜೆ ತೆಗೆದಾಗ ಇಲಿ ಏನು ಮಾಡುತ್ತಿತ್ತು ಎಂದು ಒಮ್ಮೆ ಕೇಳಿ.

ಕ್ರಮಗಳು ನಮ್ಮ ಕಣ್ಣೆದುರೇ ಬದಲಾದವು. ನಾನು ಸೇರಿದಾಗ ಒಂದು ಜೀನಿನ ಸುದ್ದಿ ತಿಳಿಯಲು ವಿಕಿರಣದ ಮದ್ದು ಹಾಕಿ, ಫಿಲ್ಮು ಹಚ್ಚಿ, ಅದು ಮೂಡುವವರೆಗೆ ದಿನಗಟ್ಟಲೆ ಕಾಯುತ್ತಿದ್ದೆವು. ಆಮೇಲೆ ಚುಕ್ಕೆಗಳ ಗಾಜು ಬಂತು. ನಾನು ಬಿಡುವ ಹೊತ್ತಿಗೆ ಒಂದೊಂದೇ ಜೀವಕೋಶವನ್ನು ಹನಿಯೊಂದರಲ್ಲಿ ಹಿಡಿದು, ಅದರ ಎಲ್ಲ ಜೀನುಗಳ ಮಾತನ್ನು ಓದುವ ಯಂತ್ರ ಬಂದಿತ್ತು. ಬದಲಾಗದೆ ಉಳಿದದ್ದು ಒಂದೇ. ಎಲ್ಲದರ ಮೊದಲು ಯಾರಾದರೂ ಒಬ್ಬರು ಒಳಗೆ ಹೋಗಿ ಇಲಿಯನ್ನು ಕೈಯಲ್ಲಿ ಎತ್ತಿಕೊಳ್ಳಬೇಕು. ಮಜ್ಜೆ ಬೇಕೆಂದರೆ ಅದನ್ನು ಕೊಲ್ಲಬೇಕು. ಪ್ರಬಂಧಗಳಲ್ಲಿ ಬಲಿ ಎಂಬ ಅರ್ಥದ ಶಬ್ದ ಬರೆಯುತ್ತಾರೆ. ಕೊಲ್ಲುವುದು ಎಂದೇ ನಾನು ಹೇಳುತ್ತೇನೆ. ಗಾಳಿ ಬದಲಾಗುತ್ತದೆ, ಅದಕ್ಕೆ ನಿದ್ದೆ ಬರುತ್ತದೆ, ಮತ್ತೆ ಏಳುವುದಿಲ್ಲ. ಅದು ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈಗೆ ಅಭ್ಯಾಸವಾಗುತ್ತದೆ, ಅಷ್ಟೆ.

ಈಗ ರೇಣುಕಾಳ ಕಥೆ. ನನ್ನ ಇಡೀ ನೌಕರಿಯಲ್ಲಿ ಮರೆಯಲಾಗದ್ದು ಇದು.

ನಮ್ಮ ಕೇಂದ್ರದ ಹಿಂದೆಯೇ ಆಸ್ಪತ್ರೆ. ಕರ್ನಾಟಕದ ಕಡೆಯ ರೋಗಿಗಳು ಬಂದರೆ, ಅವರ ಕನ್ನಡ ಅಲ್ಲಿಯ ಡಾಕ್ಟರಿಗೆ ತಿಳಿಯದೆ ನನ್ನನ್ನು ಕರೆಯುತ್ತಿದ್ದರು. ಹಾಗೆ ಒಂದು ದಿನ ವಾರ್ಡಿಗೆ ಹೋದರೆ, ಮಂಚದ ಮೇಲೆ ಒಬ್ಬ ಎಳೆಯ ಹೆಂಗಸು, ಕೆಳಗೆ ಚಾಪೆಯ ಮೇಲೆ ಇಳಕಲ್ ಸೀರೆಯ ಒಬ್ಬ ಮುದುಕಿ. ಊರು ಕೇಳಿದೆ.

"ಚಿಮ್ಮಡ ರೀ. ಬನಹಟ್ಟಿ ಬಾಜೂಕ," ಎಂದಳು ಮುದುಕಿ.

"ನಾ ರಬಕವಿಯಾಕಿ," ಎಂದೆ.

ಆಕೆ ಎದ್ದು ಬಂದು ಎರಡೂ ಕೈಯಿಂದ ನನ್ನ ಗಲ್ಲ ಹಿಡಿದಳು. "ಯವ್ವಾ, ನಮ್ಮ ಮಾತು ಕೇಳಿ ಎಷ್ಟ ದಿನಾ ಆಗಿತ್ತ," ಎಂದಳು. ಅವಳ ಹೆಸರು ಗೌರವ್ವ. ರೇಣುಕಾ ಅವಳ ಮಗಳೆಂದು ಎಲ್ಲರೂ ತಿಳಿದಿದ್ದರು. ಅಲ್ಲ, ಸೊಸೆ. ಮಗ ಮಲ್ಲಪ್ಪ ಮುಧೋಳದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಬಿಡುವಾದಾಗ ಬಂದು ಹೋಗುತ್ತಿದ್ದ. ಮದುವೆಯಾಗಿ ಬಂದ ಸೊಸೆ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದವಳು, ಒಂದು ದಿನ ನೀರು ಸೇದುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದಿದ್ದಳು. ಬಾಗಲಕೋಟೆ, ಮಿರಜ್ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಮೈತುಂಬ ನೀಲಿ ಕಲೆಗಳು.

ರೋಗಿಯ ಕಾಯಿಲೆಯ ಕೋಶಗಳನ್ನು ಇಲಿಗೆ ಹಾಕಿ ಬೆಳೆಸುವ ಪ್ರಯೋಗ ಆಗ ನಮ್ಮಲ್ಲಿ ನಡೆದಿತ್ತು. ಆ ಇಲಿಗಳಿಗೆ ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಮನುಷ್ಯನ ಕೋಶವನ್ನೂ ಅವು ಪರಕೀಯವೆಂದು ಹೊರಗೆ ಹಾಕುವುದಿಲ್ಲ. ಪರೀಕ್ಷೆಗೆಂದು ಹೇಗೂ ತೆಗೆಯುವ ಮಜ್ಜೆಯಲ್ಲಿ ಸ್ವಲ್ಪ ಕೊಡುತ್ತೀರಾ ಎಂದು ರೇಣುಕಾಳನ್ನು ಕೇಳುವುದು, ಬೇಡವೆಂದರೂ ಅವಳ ಚಿಕಿತ್ಸೆಗೆ ಏನೂ ಕಡಿಮೆಯಾಗದು ಎಂದು ತಿಳಿಸುವುದು ನನ್ನ ಪಾಲಿಗೆ ಬಂತು. ಹೇಳಿದೆ.

ಗೌರವ್ವ ಮುಂದೆ ಸರಿದು ಕೂತಳು. "ಇಕಿ ಬ್ಯಾನಿ ಇಲಿಗೆ ಬರತೈತಿ?"

"ಹೌದ್ರಿ ದೊಡ್ಡವ್ವ."

"ಇಕಿಗೆ ಕೊಟ್ಟ ಔಷಧನ ಅದಕ್ಕೂ ಕೊಡತೀರಿ?"

"ಕೊಡತೇವಿ. ಕೊಟ್ಟಮ್ಯಾಲ ಒಳಗ ಏನಾಗತೈತಿ ನೋಡತೇವಿ."

"ಅದರಿಂದ ಇಕಿಗೆ ಗುಣಾ ಆಗತೈತೇನ?"

"ಇಲ್ರಿ. ಮುಂದ ಬರೋರಿಗೆ ಆದ್ರ ಆಗಬಹುದು."

ರೇಣುಕಾ ಮಂಚದಿಂದಲೇ ಹೇಳಿದಳು: "ಕೊಡತೇನ್ರಿ ಅಕ್ಕಾರ. ಆದ್ರ ಆ ಇಲಿ ನನಗೊಮ್ಮೆ ತೋರಸ್ರಿ."

ತೋರಿಸುವಂತಿರಲಿಲ್ಲ. ಚಿಕಿತ್ಸೆ ಶುರುವಾದ ಮೇಲೆ ರೋಗ ತಡೆಯುವ ಅವಳ ಶಕ್ತಿಯೂ ಕುಂದಿತು, ಅವಳನ್ನು ಗಾಜಿನ ಕೋಣೆಯಲ್ಲಿಟ್ಟರು. ಇಲಿಗಳೂ ಗಾಜಿನ ಕೋಣೆಯಲ್ಲಿದ್ದವು. ಅವಳಿಗೆ ಕುದಿಸಿದ ಅನ್ನ, ಕುದಿಸಿದ ನೀರು. ಅವಕ್ಕೂ ಹಬೆಯಲ್ಲಿ ಬೇಯಿಸಿದ ಕಾಳು, ಬೇಯಿಸಿದ ಹಾಸಿಗೆ. ಅವಳ ಬಳಿ ಹೋಗುವಾಗಲೂ ಬಾಯಿಪಟ್ಟಿ, ಅವುಗಳ ಬಳಿ ಹೋಗುವಾಗಲೂ ಬಾಯಿಪಟ್ಟಿ. ಆ ದಿನಗಳಲ್ಲಿ ಒಂದು ಬಾಗಿಲಿನಿಂದ ಹೊರಟು ಇನ್ನೊಂದು ಬಾಗಿಲಿಗೆ ಹೋಗುವಾಗ, ಈಗ ಯಾವ ಕಡೆ ಹೊರಟೆ ಎಂಬುದು ನನಗೆ ಅರೆಗಳಿಗೆ ಮರೆತುಹೋಗುತ್ತಿತ್ತು. ಮೇಡಂ ಅನುಮತಿ ಕೊಟ್ಟ ಮೇಲೆ, ಮೊಬೈಲಿನಲ್ಲಿ ಇಲಿಗಳ ಚಿತ್ರ ಹಿಡಿದು ಗಾಜಿನಾಚೆಯಿಂದ ರೇಣುಕಾಳಿಗೆ ತೋರಿಸಿದೆ. ಅವಳು ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿ ನೋಡಿದಳು.

"ಅಯ್ಯ, ಅವಕ್ಕ ಕೂದಲಾ ಅದಾವಲ್ರಿ!" ಎಂದು ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂತು. ಗೌರವ್ವನೂ ನೋಡಿದಳು. "ನಮ್ಮ ಇಲಿ ಛಲೋ ಅದಾವು," ಎಂದಳು. ಅಂದಿನಿಂದ ಅವಳ ಬಾಯಲ್ಲಿ ಅವು ನಮ್ಮ ಇಲಿಗಳು.

ಔಷಧಿ ಹಿಡಿಯಿತು. ತಿಂಗಳುಗಳ ನಂತರ ಒಂದು ಬೆಳಗ್ಗೆ ಡಾಕ್ಟರು ಬಂದು, ಮಜ್ಜೆಯಲ್ಲಿ ಕಾಯಿಲೆ ಕಾಣುತ್ತಿಲ್ಲ ಎಂದರು. ಅವರು ಹೇಳಿದ ಇಂಗ್ಲಿಷ್ ಶಬ್ದಕ್ಕೆ ನಮ್ಮ ಕಡೆಯ ಮಾತಿನಲ್ಲಿ ಸರಿಯಾದದ್ದು ನನಗೆ ಸಿಗಲಿಲ್ಲ. "ರಕ್ತ ಸ್ವಚ್ಛ ಆಗೇತಂತ," ಎಂದುಬಿಟ್ಟೆ. ಗೌರವ್ವ ನೆಲಕ್ಕೆ ಹಣೆ ಹಚ್ಚಿದಳು. ಇನ್ನು ವರ್ಷಗಟ್ಟಲೆ ಮನೆಯಲ್ಲೇ ಗುಳಿಗೆ ತೆಗೆದುಕೊಳ್ಳಬೇಕು, ಆಗಾಗ ಬಂದು ತೋರಿಸಬೇಕು ಎಂಬುದನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಮಲ್ಲಪ್ಪ ಬಂದು ಇಬ್ಬರನ್ನೂ ಕರೆದುಕೊಂಡು ಹೋದ.

ಇಲಿಗಳಿಗೂ ಅದೇ ಬಗೆಯ ಔಷಧಿ ಕೊಟ್ಟಿದ್ದೆವು. ಅವುಗಳ ರಕ್ತವೂ ಸ್ವಚ್ಛವಾಯಿತು. ಆದರೆ ಕೆಲವನ್ನು ಕೊಂದು ಮೂಳೆ ತೆರೆದು ನೋಡಿದಾಗ, ಎಲ್ಲೋ ಒಂದೊಂದು ಕೋಶ ಉಳಿದಿತ್ತು. ಇಲಿಗೆ ಹಾಕುವ ಮೊದಲೇ ನಾವು ಆ ಕೋಶಗಳಿಗೆ ಹೊಳೆಯುವ ಬಣ್ಣ ಹಚ್ಚಿದ್ದೆವು. ಕೋಶ ಒಡೆದು ಎರಡಾದಂತೆಲ್ಲ ಬಣ್ಣ ಹಂಚಿಹೋಗಿ ಮಸುಕಾಗುತ್ತದೆ. ಈ ಉಳಿದವು ಮಾತ್ರ ಹಚ್ಚಿದ ದಿನದಷ್ಟೇ ಹೊಳೆಯುತ್ತಿದ್ದವು. ಅಂದರೆ ಅವು ಒಡೆದೇ ಇರಲಿಲ್ಲ. ಮೂಳೆಯ ಗೋಡೆಗೆ ಆತುಕೊಂಡು ಮಲಗಿದ್ದವು. ಅವುಗಳ ಜೀನುಗಳನ್ನು ಓದಿದರೆ, ಬೆಳೆಯುವ ಜೀನುಗಳೆಲ್ಲ ಸುಮ್ಮನೆ. ಅಂಟಿಕೊಂಡಿರಲು ಬೇಕಾದ ಕೆಲವು ಮಾತ್ರ ಮೆಲ್ಲಗೆ ಕೆಲಸ ಮಾಡುತ್ತಿದ್ದವು. ಬೆಳೆಯುವುದನ್ನು ಕೊಲ್ಲುವ ಔಷಧಿಗೆ ಮಲಗಿದ್ದು ಸಿಗುವುದಿಲ್ಲ. ಸೂಕ್ಷ್ಮದರ್ಶಕದ ಕತ್ತಲೆಯಲ್ಲಿ ಆ ಒಂಟಿ ಹೊಳಪನ್ನು ನೋಡುತ್ತ ನಾನು ಎಷ್ಟೋ ಹೊತ್ತು ಕೂತಿದ್ದೆ. ಅದು ಬಹಳ ಸುಂದರವಾಗಿತ್ತು. ಅಷ್ಟೊಂದು ಕೆಟ್ಟದ್ದು ಅಷ್ಟೊಂದು ಸುಂದರವಾಗಿ ಕಾಣಬಾರದಿತ್ತು.

ಉಳಿದ ಇಲಿಗಳಿಗೆ ಔಷಧಿ ನಿಲ್ಲಿಸಿ ಕಾದೆವು. ಕಾಯಿಲೆ ಮರಳಿತು. ಮೈಕೂದಲು ಕೆದರಿತು, ಬೆನ್ನು ಬಾಗಿತು. ಒಂದೊಂದಾಗಿ ಎಲ್ಲವೂ ಹೋದವು.

ಪಂಜರದ ಮೇಲೆ ಹೆಸರಿರುವುದಿಲ್ಲ, ಸಂಕೇತ ಮಾತ್ರ. ಆದರೆ ವಾರ್ಡಿನಿಂದ ಅವಳ ಮಜ್ಜೆಯ ನಳಿಕೆಯನ್ನು ತಂದವಳು ನಾನೇ. ಅವು ಯಾರ ಇಲಿಗಳೆಂದು ನನಗೆ ಗೊತ್ತಿತ್ತು. ಮೇಡಂ ಕೋಣೆಗೆ ಹೋಗಿ ನಿಂತೆ.

"ರೇಣುಕಾಳಿಗೆ ಹೇಳಬೇಡವೇ?" ಎಂದೆ.

ಅವರು ಕೂರಲು ಹೇಳಿದರು. "ಏನು ಹೇಳುತ್ತೀ? ಇಲಿಗೆ ರೋಗ ತಡೆಯುವ ಶಕ್ತಿಯೇ ಇಲ್ಲ, ಅವಳಿಗಿದೆ. ಇಲಿಗೆ ಕೆಲವು ವಾರ ಔಷಧಿ, ಅವಳಿಗೆ ವರ್ಷಗಟ್ಟಲೆ. ಇದು ಇಲಿಯ ಭವಿಷ್ಯ. ಅದನ್ನು ಒಯ್ದು ಅವಳ ಕೈಯಲ್ಲಿಡಲು ನಮಗೇನು ಹಕ್ಕಿದೆ? ಪ್ರಯೋಗದ ಫಲಿತಾಂಶ ರೋಗಿಗೆ ಹೋಗಬಾರದು ಎಂಬ ನಿಯಮ ಸುಮ್ಮನೆ ಮಾಡಿದ್ದಲ್ಲ."

ನಾನು ಎದ್ದೆ. ಬಾಗಿಲ ಬಳಿ ಹೋದಾಗ ಹಿಂದಿನಿಂದ ಹೇಳಿದರು: "ಊರಿಗೆ ಹೋದರೆ, ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆಯೇ ಎಂದು ಕೇಳು. ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ."

ಮರುವಾರವೇ ರಜೆ ಹಾಕಿ ಬಂದೆ. ಬನಹಟ್ಟಿಯಿಂದ ಆಟೋದಲ್ಲಿ ಚಿಮ್ಮಡಕ್ಕೆ ಹೋಗುವಾಗ ದಾರಿಯ ಎರಡೂ ಕಡೆ ಕಬ್ಬು ಹೂ ಬಿಟ್ಟು ಬೆಳ್ಳಗೆ ಆಡುತ್ತಿತ್ತು. ಅದನ್ನು ನೋಡುತ್ತ ನನಗೆ ಅರ್ಧ ನಿದ್ದೆಯಂಥದ್ದು ಆವರಿಸಿತು. ಎಲ್ಲವೂ ಸರಿಯಾಗಿದೆ, ನಾನು ಸುಮ್ಮನೆ ಹೊರಟಿದ್ದೇನೆ ಅನ್ನಿಸಿತು. ರೇಣುಕಾ ಪಡಸಾಲೆಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ತಲೆಯ ಮೇಲೆ ಬೆರಳುದ್ದ ಕೂದಲು ಬಂದಿತ್ತು, ಕೆನ್ನೆ ತುಂಬಿತ್ತು. ಔಷಧಿಯಿಂದ ಬೆರಳ ತುದಿ ಜೋಮು ಹಿಡಿದಂತಾಗಿ ಎಳೆ ಜಾರುತ್ತದೆ ಎಂದು ತೋರಿಸಿ ನಕ್ಕಳು.

ಚಹಾ ಬಂತು. ಗುಟುಕರಿಸಿ ಕೇಳಿದೆ: "ಗುಳಿಗಿ ತಗೊಳಾಕತ್ತೀಯಿಲ್ಲ?"

ರೇಣುಕಾ ಅತ್ತೆಯ ಮುಖ ನೋಡಿದಳು.

"ನಾನ ನಿಲ್ಲಿಸೇನಿ," ಎಂದಳು ಗೌರವ್ವ. "ರಕ್ತ ಸ್ವಚ್ಛ ಆಗೇತಿ ಅಂತ ನೀವ ಹೇಳಿದ್ರಲ್ಲಾ. ಸ್ವಚ್ಛ ಆದಮ್ಯಾಲ ಮತ್ತ ಅದ್ಯಾಕ? ತಗೊಂಡ ದಿನ ಅನ್ನ ಮುಟ್ಟಂಗಿಲ್ಲ ಅಕಿ. ವಾಂತಿ ಮಾಡಿ ಮಾಡಿ ಬಿದ್ದಿರತಾಳ. ಈಗ ನೋಡ್ರಿ, ಹೆಂಗ ಆಗ್ಯಾಳ."

ನನ್ನದೇ ಶಬ್ದ ನನ್ನೆದುರು ಬಂದು ಕೂತಿತ್ತು. ಸ್ವಚ್ಛ. ಚಹಾ ಕೆಳಗಿಟ್ಟೆ.

"ದೊಡ್ಡವ್ವ, ಅದು ಹೋಗಿರೂದಿಲ್ಲ. ಕಾಣದಷ್ಟ ಸಣ್ಣದಾಗಿ ಎಲುವಿನೊಳಗ ಮಲಗಿರತೈತಿ."

"ಮಲಗಿದ್ರ ಮಲಗಲಿ. ಅದನ್ಯಾಕ ಕೆದಕಬೇಕು?"

"ಒಂದ ದಿನ ಏಳತೈತ್ರಿ. ಎದ್ದ ಕೂಡಲೇ ಹಿಡಿಯಾಕ ಗುಳಿಗಿ ಒಳಗ ಇರಬೇಕು. ಅದಕ್ಕ ಅಷ್ಟ ವರ್ಷ ಕೊಡೂದು."

"ಎಲ್ಲಾರಿಗೂ ಹಂಗ ಆಗತೈತೇನ?"

"ಎಲ್ಲಾರಿಗೂ ಅಲ್ಲ."

ಗೌರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬೀಗರ ಕ್ಷೇಮ ವಿಚಾರಿಸುವ ದನಿಯಲ್ಲಿ ಕೇಳಿದಳು: "ನಮ್ಮ ಇಲಿ ಹೆಂಗ ಅದಾವು?"

ನಾನು ಬಾಯಿ ತೆರೆದೆ. ಆರಾಮ ಅದಾವು ಎನ್ನಲು ಬರಲಿಲ್ಲ. ಹೋದವು ಎನ್ನಲೂ ಬರಲಿಲ್ಲ. ಹೊರಗೆ ಯಾರದೋ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು. ಅದು ದೂರವಾಗುವವರೆಗೂ ನಾನು ನೆಲ ನೋಡುತ್ತ ಕೂತಿದ್ದೆ. ರೇಣುಕಾಳ ಕೈಯಲ್ಲಿ ಎಳೆಗಳು ಹಾಗೇ ಇದ್ದವು.

ಗೌರವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಒಳಗೆ ಹೋಗಿ, ಜೋಳದ ಡಬ್ಬಿಯ ಹಿಂದಿನಿಂದ ಗುಳಿಗೆಯ ಪೊಟ್ಟಣ ತಂದಳು. ಸೆರಗಿನಿಂದ ಒರೆಸಿದಳು. ಒಂದು ತಂಬಿಗೆ ನೀರು ಸೊಸೆಯ ಮುಂದಿಟ್ಟು, "ನುಂಗು," ಎಂದಳು.

ನಾನು ತಡೆದೆ. ಬಿಟ್ಟು ಬಹಳ ದಿನವಾಗಿದೆ, ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು ಎಂದೆ. ಅಲ್ಲಿಂದಲೇ ಫೋನು ಹಚ್ಚಿದೆ. ಅವರು ಬೈದರು, ತಕ್ಷಣ ಕರೆದುಕೊಂಡು ಬನ್ನಿ ಎಂದರು. ಮಲ್ಲಪ್ಪ ಕಬ್ಬಿನ ಹಂಗಾಮು ಬಿಟ್ಟು ಮರುದಿನವೇ ಹೆಂಡತಿಯೊಂದಿಗೆ ಹೊರಟ. ಮಜ್ಜೆ ಪರೀಕ್ಷೆಯ ಉತ್ತರ ಬರುವವರೆಗಿನ ಆ ದಿನಗಳಲ್ಲಿ ನಾನು ಪ್ರಾಣಿಗೃಹದಲ್ಲಿ ಏನು ಮಾಡಿದೆನೋ ನೆನಪಿಲ್ಲ. ಯಾವ ಪಂಜರ ತೆರೆದರೂ ಚಿಮ್ಮಡದ ಆ ಪಡಸಾಲೆಯೇ ಕಾಣುತ್ತಿತ್ತು.

ಕಾಯಿಲೆ ಮರಳಿರಲಿಲ್ಲ. ಗುಳಿಗೆ ಮತ್ತೆ ಶುರುವಾಯಿತು, ವಾಂತಿಗೂ ಔಷಧಿ ಕೊಟ್ಟರು. ಆ ವರ್ಷಗಳನ್ನೆಲ್ಲ ರೇಣುಕಾ ಹಾಗೇ ದಾಟಿದಳು.

ಪುಣೆಗೆ ಮರಳಿದ ದಿನ ಮೇಡಂ ಕೇಳಿದ್ದರು, "ಹೇಳಿದೆಯಾ?"

"ಇಲ್ಲ. ಬಾಯಿಂದ ಒಂದು ಮಾತೂ ಬರಲಿಲ್ಲ."

"ಆದರೂ ಅವರಿಗೆ ಕೇಳಿಸಿತೇ?"

"ಕೇಳಿಸಿತು."

ಅವರು ಚಹಾ ತರಿಸಿದರು.

ಆ ಇಲಿಗಳಿಂದ ಕಲಿತದ್ದು ಪ್ರಬಂಧವಾಯಿತು. ಮಲಗಿದ ಕೋಶಗಳನ್ನು ಬೇರೆ ದೇಶದವರೂ ಕಂಡರು, ನಮಗಿಂತ ಚೆನ್ನಾಗಿಯೂ ಕಂಡರು. ಅವನ್ನು ಮಲಗಿದಲ್ಲೇ ಮುಗಿಸುವ ಔಷಧಿ ಇನ್ನೂ ನಮ್ಮ ಕೈಗೆ ಪೂರ್ತಿ ಬಂದಿಲ್ಲ. ಅದು ಐಶ್ವರ್ಯಾಳ ಕಾಲದ ಕೆಲಸ. ನಾನು ಬಹಳ ವರ್ಷ ಒಂದು ಹೆದರಿಕೆ ಹೊತ್ತಿದ್ದೆ. ಇಲಿಗಳಿಗೆ ಆದದ್ದು ಅವಳಿಗೂ ಆಗುತ್ತದೆ ಎಂದು. ಆಗಲಿಲ್ಲ. ಮೇಡಂ ಹೇಳಿದ್ದೂ ನಿಜ, ಇಲಿಯ ಭವಿಷ್ಯ ಅವಳದಾಗಿರಲಿಲ್ಲ. ಆದರೆ ಆ ಇಲಿಗಳನ್ನು ನೋಡದಿದ್ದರೆ ನಾನು ಆ ವಾರ ಚಿಮ್ಮಡಕ್ಕೆ ಹೋಗುತ್ತಿರಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಗೆ ಹಿಡಿಯುವುದೆಂದು ನನಗೆ ಇಂದಿಗೂ ತಿಳಿಯದು.

ನಾನು ರಬಕವಿಗೆ ಬಂದ ಮೇಲೆ ರೇಣುಕಾ ಒಂದು ದಿನ ಮನೆಗೆ ಬಂದಳು. ಈಗ ಅವಳ ಕೈಕೆಳಗೆ ಕುಚ್ಚು ಕಟ್ಟುವ ಹೆಂಗಸರ ಗುಂಪೇ ಇದೆ. ವ್ಯಾಪಾರಿಗಳ ಹತ್ತಿರ ಸೀರೆ ತೆಗೆದುಕೊಳ್ಳಲು ಬಂದವಳು, ಹಾಗೇ ಇತ್ತ ಬಂದಿದ್ದಳು. ಗೌರವ್ವ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ನಾನು ಈಗ ನೌಕರಿಯಲ್ಲಿಲ್ಲ, ಅವಳು ಗುಣವಾಗಿ ಎಷ್ಟೋ ಕಾಲವಾಯಿತು. ಅವಳ ಇಲಿಗಳ ವಿಷಯ ಅವಳಿಗೆ ಹೇಳಲು ಇನ್ನು ಅಡ್ಡಿಯಿಲ್ಲ ಎನ್ನಿಸಿತು. ಎಲ್ಲವನ್ನೂ ಹೇಳಿದೆ. ಬಣ್ಣ ಹಚ್ಚಿದ್ದು, ಮಲಗಿದ್ದು, ಎದ್ದದ್ದು.

ಅವಳು ಕೇಳಿ, ಮೊದಲು ಒಂದೇ ಮಾತು ಕೇಳಿದಳು. "ಅವಕ್ಕ ನೋವಾತೇನ್ರಿ ಅಕ್ಕಾರ?"

ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ಆ ಇಲಿಗಳ ಬಗ್ಗೆ ನೂರು ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದೆ. ಇದನ್ನು ಯಾರೂ ಕೇಳಿರಲಿಲ್ಲ.

"ಕಡೀಕ ಒಂದೀಟ ಆಗಿರಬೇಕು. ಹಿಂಗಾಲ ಎಳೀತಿದ್ದುವು. ಕಂಡ ಕೂಡಲೇ ಮಲಗಿಸಿಬಿಟ್ವಿ. ಅದನ್ನ ಮಾಡಿದಾಕಿ ನಾನ."

ರೇಣುಕಾ ತಲೆಯಾಡಿಸಿದಳು. "ಅವು ಹೋದದ್ದು ನಮಗ ಅವತ್ತ ತಿಳಿದಿತ್ರಿ," ಎಂದಳು. "ನಿಮ್ಮ ಆಟೋ ಓಣಿ ದಾಟೂದ ತಡ, ನಮ್ಮತ್ತಿ ಹಿತ್ತಲಕ ಹೋಗಿ ತಲಿ ಮ್ಯಾಲೆ ತಣ್ಣೀರ ಸುರಕೊಂಡಳು. ಬಾಜೂ ಮನಿಯಾಕಿ ಗ್ವಾಡಿ ಮ್ಯಾಲಿಂದ ಇಣಿಕಿ, ಯಾರ ಹೋದರ ಗೌರವ್ವಾ ಅಂತ ಕೇಳಿದಳು. ನಮ್ಮ ಪೈಕಿ ಸಣ್ಣವರು, ಪುಣೇದಾಗ ಇದ್ರು ಅಂದಳು. ಆವತ್ತ ಮನ್ಯಾಗ ಒಲಿ ಹಚ್ಚಲಿಲ್ರಿ."

ಅವಳು ಸೀರೆಯ ಗಂಟು ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ನಾನು ಮಾಳಿಗೆಯ ಮೇಲೆ ಹಾಗೇ ಕೂತೆ. ಎಷ್ಟೋ ಇಲಿಗಳನ್ನು ಈ ಕೈಯಾರೆ ಮಲಗಿಸಿದ್ದೇನೆ. ಅವುಗಳಿಗಾಗಿ ಯಾರಾದರೂ ತಲೆಗೆ ನೀರು ಹಾಕಿಕೊಂಡರೆಂದು ಕೇಳಿದ್ದು ಅದೊಂದೇ ಸಲ.